ಕಂಬಳಿಯ ಗೋಡೆ, ಸೀರೆಯ ಕಿಟಕಿ

“ಗೋಡೆ ತೂರ್ಕಂಡು ಬರ್ತೀರಲ್ಲ ಟೀಚರಮ್ಮ! ಬಾಗ್ಲು ಆ ಕಡೆ ಐತೆ.”

ನಾನು ನಿಂತಲ್ಲೇ ನಿಂತೆ. ನನ್ನೆದುರು ಗೋಡೆ ಅಂಬೋದು ಇರಲಿಲ್ಲ. ಎರಡು ಬಿದಿರು ಗಳಗಳ ನಡುವೆ ಒಂದು ಹಗ್ಗ, ಹಗ್ಗದ ಮೇಲೆ ಒಂದು ಕರಿ ಕಂಬಳಿ, ಅಷ್ಟೆ. ಅದರ ಅಂಚು ಎತ್ತಿ ನಾನು ಒಂದು ಕಾಲು ಒಳಗಿಟ್ಟಿದ್ದೆ. ಕಾನ್ವೆಂಟಿನಲ್ಲಿ ಓದಿದವಳು, ಬಾಗಿಲು ತಟ್ಟದೆ ಒಳಗೆ ಹೋಗುವುದು ಬ್ಯಾಡ್ ಮ್ಯಾನರ್ಸ್ ಎಂದು ಸಿಸ್ಟರುಗಳು ಕಲಿಸಿದ್ದರು. ಗೋಡೆಯೊಳಗಿಂದ ಹೋಗಬಾರದೆಂದು ಮಾತ್ರ ಯಾರೂ ಹೇಳಿಕೊಟ್ಟಿರಲಿಲ್ಲ. ಸಾರಿ ಎಂದು, ಸುತ್ತು ಹಾಕಿ, ಎರಡು ಇಟ್ಟಿಗೆ ಇಟ್ಟಿದ್ದ ಜಾಗದಿಂದ ಒಳಬಂದೆ.

“ಹಾಂ, ಈಗ ಬಂದ್ರಿ ನೋಡ್ರಿ. ಚಪ್ಲಿ ಅಲ್ಲೇ ಬಿಡ್ರಿ. ಇದು ಹಾಲು.”

ಬಿರುಬಿಸಿಲಿನಲ್ಲಿ, ಶೇಂಗಾ ಒಣಗಿಸುವ ಸಿಮೆಂಟ್ ಅಂಗಳದಲ್ಲಿ, ನಾನು ಬರಿಗಾಲಲ್ಲಿ ಕುಣಿಯುತ್ತಾ ಅವರ ಹಾಲು, ರೂಮು, ಅಡಿಗೆಮನೆ ನೋಡಿದೆ. ಎಲ್ಲ ಕಂಬಳಿ. ಕಿಟಕಿ ಬರುವ ಕಡೆ ಕಂಬಳಿಯ ಬದಲು ಹಳೇ ಮೊಳಕಾಲ್ಮೂರು ರೇಷ್ಮೆ ಸೀರೆ. ಬಾಗಿಲಿದ್ದಲ್ಲಿ ಏನೂ ಇಲ್ಲ, ಇಟ್ಟಿಗೆ ಮಾತ್ರ.

ಅವರ ಹೆಸರು ಬರೆಯುವುದಿಲ್ಲ. ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲು ನಡೆಸುತ್ತಿದ್ದವರು. ಮಿಲ್ಲಿನ ಬೋರ್ಡಿನ ಮೇಲೂ ತಾತನ ಹೆಸರೇ ಇತ್ತು. ಯಾಕೆ ಎಂದು ಕೇಳಿದರೆ, “ನನ್ ಹೆಸ್ರು ಹಾಕಿದ್ರೆ ಗಣಪತಿ ಕೂರ್ಸೋ ಹುಡುಗ್ರು ಸೀದಾ ನನ್ನೇ ಹುಡುಕ್ಕಂಡು ಬರ್ತಾರ್ರೀ. ಈಗಾದ್ರೆ ತಾತನ್ನ ಕೇಳ್ರಪ್ಪ ಅಂತೀನಿ” ಎನ್ನುತ್ತಿದ್ದರು. ಊರಿಗೆಲ್ಲ ಅವರು ಸಾಹುಕಾರ್ರು. ನನಗೂ ಹಾಗೇ. ಅವರ ಮಿಲ್ಲಿನ ಅಂಗಳ, ನಮ್ಮ ಮನೆ ಎದುರುಬದುರು. ನಾನು ಶಾಲೆಯಿಂದ ರಿಟೈರ್ ಆದಮೇಲೆ ನನ್ನ ಕಿಟಕಿಗೆ ಅವರಿಗಿಂತ ದೊಡ್ಡ ಎಂಟರ್‌ಟೈನ್‌ಮೆಂಟ್ ಇರಲಿಲ್ಲ.

ಗಿಡ್ಡನೆ ಆಳು. ನಡೆಯುವಾಗ ಯಾವಾಗಲೂ ಬಲಗೈ ಹುಬ್ಬಿನ ಮೇಲೆ ಅಡ್ಡ ಹಿಡಿದಿರುತ್ತಿದ್ದರು, ಸೂರ್ಯನಿಗೆ ಸೆಲ್ಯೂಟ್ ಹೊಡೆದ ಹಾಗೆ. ನೆರಳಿಗೆ ಬಂದಮೇಲೂ ಆ ಕೈ ಇಳಿಯಲು ಸ್ವಲ್ಪ ಹೊತ್ತು ಹಿಡಿಯುತ್ತಿತ್ತು. ಬಿಸಿಲೆಂದರೆ ಅವರಿಗೆ ಮನೆತನದ ವೈರಿ. ಅವರ ಹಳೇ ಮನೆಗೆ ಪಶ್ಚಿಮದ ಕಡೆ ಒಂದು ಕಿಂಡಿಯೂ ಇರಲಿಲ್ಲ. ನಮ್ಮೂರಿನಲ್ಲಿ ಯಾರ ಮನೆಗೆ ತಾನೇ ಇದೆ? ಸಂಜೆ ಬಿಸಿಲು, ಆಷಾಢದ ಗಾಳಿ, ದೂಳು ಎಲ್ಲ ಬರುವುದು ಆ ಕಡೆಯಿಂದಲೇ. ಆ ದಿಕ್ಕಿಗೆ ಬೆನ್ನು ಕೊಟ್ಟು ಕೂರುವುದೇ ಇಲ್ಲಿ ಆರ್ಕಿಟೆಕ್ಚರ್.

ಅಂಥವರು ಕುಂದಾಪುರದ ಕಡೆ ಸಮುದ್ರದ ಹತ್ತಿರ ಜಾಗ ಕೊಂಡರು. ಮಳೆಗಾಲದಲ್ಲಿ ಗಂಡ ಹೆಂಡತಿ ಕೊಲ್ಲೂರಿಗೆ ಹೋಗಿದ್ದರು. ಹೋದವರು ಪ್ರಸಾದ ತರುವ ಬದಲು ಜಮೀನಿನ ಪತ್ರ ತಂದರೆಂದು ಊರೆಲ್ಲ ನಕ್ಕಿತು. ಅವರು ಯಾರಿಗೂ ಕಾರಣ ಹೇಳಲಿಲ್ಲ. ಅಂಗಳದಲ್ಲಿ ಗಳ ನೆಟ್ಟು ಮನೆ ಕಟ್ಟತೊಡಗಿದರು, ಕಂಬಳಿಯಲ್ಲಿ.

“ಪೇಪರ್ ಮ್ಯಾಗೆ ಬರೆದ ಮನೇಲಿ ಕೂತ್ಕಣಕ್ಕೆ ಆಗುತ್ತಾ ಟೀಚರಮ್ಮ? ಕೂತು ನೋಡ್ಬೇಕು. ಉಂಡು ನೋಡ್ಬೇಕು. ಸೆಕೆ ಆದ್ರೆ ಗೋಡೆ ಸರ್ಸಬೇಕು.”

ನನ್ನನ್ನು ಕರೆಸಿದ್ದು ಸಮುದ್ರದ ಎಕ್ಸ್‌ಪರ್ಟ್ ಎಂದು. ನಾನು ಹುಡುಗಿಯಾಗಿ ಮಂಗಳೂರಿನ ಬೋರ್ಡಿಂಗಿನಲ್ಲಿದ್ದವಳು. ಸಂಡೇ ಈವ್ನಿಂಗ್ ಸಿಸ್ಟರುಗಳು ನಮ್ಮನ್ನು ಜೋಡಿ ಸಾಲಿನಲ್ಲಿ ಬೀಚಿಗೆ ಕರೆದೊಯ್ದು, ಸಮುದ್ರಕ್ಕೆ ಬೆನ್ನು ಮಾಡಿ ಕೂರಿಸಿ, ಹಿಮ್ಸ್ ಹಾಡಿಸಿ ವಾಪಸ್ ತರುತ್ತಿದ್ದರು. ಅಷ್ಟು ಜ್ಞಾನ ಚಳ್ಳಕೆರೆಗೆ ಸಾಕಿತ್ತು.

“ಇಲ್ಲಿ ಎರಡು ಕಂಬಳಿ ಯಾಕೆ ಹಾಕಿದ್ದೀರಿ?” ಎಂದು ಹಿಂದಿನ ಗೋಡೆ ತೋರಿಸಿದೆ.

“ಪಶ್ಚಿಮ ಅಲ್ವೇನ್ರೀ? ಡಬಲ್ ಗೋಡೆ. ಒಂದು ತೂತು ಬಿಡಲ್ಲ.”

“ಸಮುದ್ರ ಎಲ್ಲಿ ಬರುತ್ತೆ?”

ಅವರು ಬಾಗಿಲ ಇಟ್ಟಿಗೆಯ ಕಡೆ ಕೈಮಾಡಿದರು. ಮೂಡಣಕ್ಕೆ.

“ಸಾಹುಕಾರ್ರೆ, ನಮ್ಮ ಸಮುದ್ರ ಇರೋದು ಪಶ್ಚಿಮಕ್ಕೆ. ನೀವು ಸಮುದ್ರಕ್ಕೇ ಡಬಲ್ ಗೋಡೆ ಹಾಕಿದ್ದೀರಿ.”

ಅವರ ಕೈ ಹುಬ್ಬಿನಿಂದ ಇಳಿಯಿತು. “ಸಂಜೆ ಬಿಸ್ಲು ಬರೋ ಕಡೆ ಸಮುದ್ರ ಇಟ್ಟವ್ರಾ?”

“ಮ್ಯಾಪಿನಲ್ಲಿ ನೋಡಿಲ್ವಾ?”

“ನೋಡೀನ್ರೀ, ಎಡಗಡೆ ಐತೆ. ಎಡಗಡೆ ಬಿಸ್ಲು ಹೊಡೀತದೆ ಅಂತ ಮ್ಯಾಪಲ್ಲಿ ಹಾಕಿಲ್ಲ. ನಾವು ಹೋದಾಗ ಇದ್ದಷ್ಟು ದಿನ ಸೂರ್ಯ ಅಂಬೋನು ಮುಖಾನೇ ತೋರ್ಸಲಿಲ್ಲ. ದಿಕ್ಕು ಹೆಂಗೆ ಗೊತ್ತಾಗ್ಬೇಕು?”

ಕಂಬ ಕಟ್ಟುತ್ತಿದ್ದ ಮಿಲ್ಲಿನ ಫಿಟ್ಟರ್ ಸಾಬರು ಏಣಿಯ ಮೇಲಿಂದಲೇ ನಕ್ಕುಬಿಟ್ಟರು. ಮೆಷಿನು ರಿಪೇರಿ ಮಾಡುವುದು ಬಿಟ್ಟು ಕಂಬಳಿಗೆ ಗಂಟು ಹಾಕುವ ಕೆಲಸಕ್ಕೆ ಬಂದಿದ್ದಕ್ಕೆ ಅವರಿಗೆ ಮೊದಲೇ ಸಿಟ್ಟಿತ್ತು. “ಸೇಠ್, ಘರ್ ಹಂಗೇ ಇರ್ಲಿ ಬಿಡ್ರಿ. ಸಮುಂದರ್‌ಗೇ ಈ ಕಡೆ ಬಾ ಅಂತ ಹೇಳೋಣ.”

“ಲೇ, ನೀನು ಗಂಟು ನೋಡ್ಕಳಲೇ!”

ನಾನು ತಿಳಿದವಳ ಹಾಗೆ ಇನ್ನೊಂದು ಮಾತು ಸೇರಿಸಿದೆ. ಮಳೆಗಾಲ ಕಳೆದಮೇಲೆ ಅಲ್ಲಿ ಬಿಸಿಲು ನಮ್ಮಷ್ಟೇ ಇರುತ್ತದೆ, ಸಂಜೆ ನೀರಿನ ಮೇಲೆ ಬಿದ್ದು ಕನ್ನಡಿ ಹಿಡಿದಂತೆ ಕಣ್ಣಿಗೆ ಹೊಡೆಯುತ್ತದೆ, ನಾವು ಬೋರ್ಡಿಂಗಿನ ಹುಡುಗಿಯರು ಕಣ್ಣು ಮುಚ್ಚಿಕೊಂಡೇ ಬೀಚಿಗೆ ನಡೆಯುತ್ತಿದ್ದೆವು ಎಂದೆ. ಅವರು ಹಾಲಿನ ನಡುವೆ, ಸಿಮೆಂಟಿನ ಮೇಲೆ, ಕೂತುಬಿಟ್ಟರು.

“ಹಂಗಂದ್ರೆ ಅವಳಿಗೆ ಅಲ್ಲೂ ಆಗಲ್ಲ ಅನ್ನಿ,” ಎಂದರು.

ಆಗ ಗೊತ್ತಾಯಿತು, ಜಾಗ ಕೊಂಡಿದ್ದು ಯಾತಕ್ಕೆ ಎಂದು.

ಅವರ ಹೆಂಡತಿ ಮೊಳಕಾಲ್ಮೂರಿನವರು. ಸೀರೆ ನೇಯುವ ಮನೆಯ ಮಗಳು. ಸಿಟ್ಟು ಬಂದರೆ ತೆಲುಗಿಗೆ ಹೋಗುತ್ತಿದ್ದರು. ದಿನಕ್ಕೆ ಹಲವು ಸಲ ಹೋಗುತ್ತಿದ್ದರು. ಹೊರಗೆ ಬಂದರೆ ಸೆರಗು ಮೂಗಿನ ತನಕ ಇಳಿದಿರುತ್ತಿತ್ತು. ಊರಿನವರು ಕೆಲವರು ಎಂಥ ಮರ್ಯಾದಸ್ಥೆ ಎಂದರು, ಕೆಲವರು ಎಂಥ ಜಂಬ ಎಂದರು. ಅಸಲು ಸಂಗತಿ, ಅವರ ಕಣ್ಣು ಬೆಳಕನ್ನು ತಾಳುತ್ತಿರಲಿಲ್ಲ. ಬಿಸಿಲು ಬಿದ್ದರೆ ಸೂಜಿ ಚುಚ್ಚಿದಂತಾಗಿ ನೀರು ಸುರಿಯುತ್ತಿತ್ತು. ದಾವಣಗೆರೆ, ಬೆಂಗಳೂರು ಎಲ್ಲ ಡಾಕ್ಟರುಗಳೂ ಕಪ್ಪು ಕನ್ನಡಕ ಕೊಟ್ಟು ಕೈತೊಳೆದುಕೊಂಡಿದ್ದರು. ಆಯಮ್ಮ ಹಗಲೆಲ್ಲ ಶೇಂಗಾ ಚೀಲಗಳ ಕತ್ತಲೆ ಕೋಣೆಯಲ್ಲಿ ಕೂತು, ಚಪ್ಪಲಿ ಸದ್ದಿನ ಮೇಲೆಯೇ ಬಂದವರು ಯಾರೆಂದು ಹೇಳುತ್ತಿದ್ದರು. ನನ್ನ ಚಪ್ಪಲಿಗೆ, “ಬಾ ಟೀಚರಮ್ಮ, ಹಿಮ್ಮಡಿ ಸವೆದೈತೆ, ಬ್ಯಾರೆ ತಗೋ” ಎನ್ನುತ್ತಿದ್ದರು.

ಆ ಮಳೆಗಾಲದ ಟ್ರಿಪ್ಪಿನಲ್ಲಿ, ಸಮುದ್ರದ ಹತ್ತಿರದ ಲಾಡ್ಜಿನ ಜಗಲಿಯಲ್ಲಿ, ಮೋಡ ಕವಿದ ಮಧ್ಯಾಹ್ನ, ಅವರು ಸೆರಗು ಹಿಂದಕ್ಕೆ ಸರಿಸಿ ಕಣ್ಣು ಅಗಲ ಬಿಟ್ಟು ಕೂತಿದ್ದರಂತೆ. ಕನ್ನಡಕ ಇಲ್ಲ, ನೀರಿಲ್ಲ. “ಏನ್ರಿ, ನಿಮ್ ತಲೆ ಎಲ್ಲಾ ಬೆಳ್ಳಗಾಗೈತಲ್ರೀ, ಯಾವಾಗಾತು?” ಎಂದರಂತೆ.

“ಹಗಲೊತ್ತಲ್ಲಿ ನನ್ ಮುಖ ನೋಡಿ ಎಷ್ಟು ವರ್ಷ ಆಗಿತ್ತೋ ಏನೋ,” ಎಂದರು ಸಾಹುಕಾರ್ರು. ತಕ್ಷಣ ನಾಚಿಕೆಯಾಗಿ ಏಣಿಯ ಕಡೆ ತಿರುಗಿ, “ಲೇ, ಆ ಪಶ್ಚಿಮದ ಗೋಡೆ ಬಿಚ್ಚಲೇ!” ಎಂದು ಕೂಗಿದರು.

ಅಲ್ಲಿಂದ ಶುರುವಾದ ಸರ್ಕಸ್ಸನ್ನು ನಾನು ಬಾಲ್ಕನಿ ಸೀಟಿನಿಂದ ನೋಡಿದೆ. ಮೋಡ ಕೊಂಡು ತರಲಾಗದು. ಮೋಡದ ಬೆಳಕನ್ನು ಮನೆಯೇ ಮಾಡಬೇಕು ಎಂಬುದು ಅವರ ಹಟ. ಅದಕ್ಕೆ ಅಳತೆಯ ಮೀಟರು ಹೆಂಡತಿ. ಅವರನ್ನು ಒಂದು ಕುರ್ಚಿಯಲ್ಲಿ ಕೂರಿಸುವುದು, ಸೆರಗು ತೆಗೆಸುವುದು, ಕಂಬಳಿ ಸರಿಸುವುದು, ಮುಖ ನೋಡುವುದು. ಕಣ್ಣು ಕಿರಿದಾದರೆ ಫೇಲ್.

“ಈಗ?”

“ಚುಚ್ತೈತೆ.”

“ಈಗ?”

“ದೇವುಡಾ, ನನ್ನ ಧಾರೆ ಸೀರೆ ಕಿಟಕಿ ಮಾಡಿದ್ದೀರಲ್ರೀ! ಏಮಯ್ಯಾ ಸಾಬು, ಅದಕ್ಕೆ ಮೊಳೆ ಹೊಡೀಬೇಡ, ಕೈ ಮುರೀತೀನಿ!”

“ಅಮ್ಮಾ, ಮೊಳೆ ಅಲ್ಲ, ಕ್ಲಿಪ್ಪು!”

“ಅದನ್ನ ಬಿಡೇ. ಕಣ್ಣು ಹೆಂಗೈತೆ?”

“ಕಣ್ಣು ಕಾಣ್ತೈತೆ, ಅದಕ್ಕೇ ಸೀರೆ ಕಂಡಿದ್ದು!”

“ಪಾಸ್!” ಎಂದು ಸಾಹುಕಾರ್ರು ಕೂಗಿದರು. ಆಯಮ್ಮನ ಧಾರೆ ಸೀರೆ ಪಾಸಾದ ಮೊದಲ ಕಿಟಕಿ.

ಬೆಳಕು ಎದುರಿಗೆ ಬರಬಾರದು, ಪಕ್ಕದಿಂದ ಜಾರಬೇಕು ಎಂದು ಹೇಳಿಕೊಟ್ಟಿದ್ದು ಆಯಮ್ಮನೇ. ಮೊಳಕಾಲ್ಮೂರಿನಲ್ಲಿ ನೆಲದ ಗುಂಡಿಗೆ ಕಾಲು ಇಳಿಬಿಟ್ಟು ಮಗ್ಗದ ಮುಂದೆ ಕೂತರೆ, ಕಿಟಕಿ ಯಾವತ್ತೂ ಪಕ್ಕಕ್ಕೇ ಇರುತ್ತದಂತೆ. ಎದುರಿಗಿದ್ದರೆ ಎಳೆಯೇ ಕಾಣುವುದಿಲ್ಲ, ಪಳಪಳ ಅನ್ನುವುದಷ್ಟೇ ಕಾಣುತ್ತದೆ. ಸಾಹುಕಾರ್ರು ತಕ್ಷಣ ಎಲ್ಲ ಕಿಟಕಿಗಳನ್ನೂ ಉತ್ತರಕ್ಕೆ ದಕ್ಷಿಣಕ್ಕೆ ಹೊರಡಿಸಿದರು. ಫಿಟ್ಟರ್ ಸಾಬರು ಮೆಷಿನ್ ಎತ್ತುವ ರಾಟೆ ತಂದು ಸೂರಿಗೆ ಕಟ್ಟಿದರು. ಸೂರೆಂದರೆ ಒಂದು ಟಾರ್ಪಾಲು. ಹಗ್ಗ ಎಳೆದರೆ ಏರುತ್ತದೆ, ಬಿಟ್ಟರೆ ಇಳಿಯುತ್ತದೆ.

“ಥೋಡಾ ಕೆಳಗೆ… ಇನ್ನಾ ಥೋಡಾ…”

“ಸಾಕು!” ಎಂದರು ಆಯಮ್ಮ.

ಸಾಹುಕಾರ್ರು ಓಡಿ ಬಂದು ಅದರಡಿ ನಿಂತರು. ಅವರಂಥ ಗಿಡ್ಡರಿಗೂ ಸೂರು ಹಣೆಗೆ ತಾಕಿತು. ನಿಂತರೆ ಎದುರಿನ ನಮ್ಮ ಮನೆ ಕಾಣುವುದಿಲ್ಲ. ಕೂತರೆ ನಮ್ಮ ಮನೆ, ನಮ್ಮ ಬೇವಿನ ಮರ, ಕಿಟಕಿಯಲ್ಲಿ ನಾನು.

“ಅಲ್ಲೀಗ ಸಮುದ್ರ ಅಂದ್ಕಳೇ,” ಎಂದರು ನನ್ನ ಕಡೆ ತೋರಿಸಿ.

“ಸಮುದ್ರ ಕಾಪಿ ಕುಡೀತಾ ಐತೆ,” ಎಂದರು ಆಯಮ್ಮ. ರಿಯಲೀ, ನನ್ನ ಕೈಯಲ್ಲಿ ಕಪ್ಪಿತ್ತು. ಅಷ್ಟು ದೂರದಿಂದ, ನಡುಮಧ್ಯಾಹ್ನ, ಆಕೆ ನನ್ನ ಕಪ್ಪನ್ನು ಕಂಡಿದ್ದರು!

ಆದರೂ ಬಿಳಿ ಸಿಮೆಂಟಿನ ಝಳ ಕೆಳಗಿಂದ ಕಣ್ಣಿಗೆ ಹೊಡೆಯುತ್ತಿತ್ತು. ಒಂದು ದಿನ ಸಾಹುಕಾರ್ರು ರೇಗಿ, ಗೋಡೆಗಳನ್ನೆಲ್ಲ ಕಿತ್ತು ನೆಲಕ್ಕೆ ಹಾಸಿ ನೀರು ಚೆಲ್ಲಿದರು. ಗೋಡೆಯೇ ಇಲ್ಲದ ಮನೆಯಲ್ಲಿ ಆಯಮ್ಮ ಆರಾಮಾಗಿ ಕೂತು ಸೊಪ್ಪು ಸೋಸಿದರು. ಅಂದಿನಿಂದ ಸಾಹುಕಾರ್ರ ಥಿಯರಿ ಬದಲಾಯಿತು: ಬೆಳಕು ಮೇಲಿಂದ ಅಷ್ಟೇ ಅಲ್ಲ, ಕೆಳಗಿಂದಲೂ ಬರುತ್ತದೆ, ಮನೆಗಿಂತ ಮೊದಲು ಅಂಗಳ ಕಟ್ಟಬೇಕು.

ಆಷಾಢದಲ್ಲಿ ಒಂದು ಮಧ್ಯಾಹ್ನ ಮನೆ ಹಾರಿಹೋಯಿತು. ಅಡಿಗೆಮನೆ ಎ.ಪಿ.ಎಂ.ಸಿ. ಕಡೆ ಹೋಯಿತು, ಬೆಡ್‌ರೂಮು ಒಂದು ಆಟೋದ ಮೇಲೆ ಬಿತ್ತು. ಡ್ರೈವರು ಕಂಬಳಿ ಹೊದ್ದುಕೊಂಡೇ ಬೈಯುತ್ತಾ ಬಂದ. ಸಾಹುಕಾರ್ರು ಅವನಿಗೆ ಟೀ ಕುಡಿಸಿ, “ಯಾವ ಕಡೆಯಿಂದ ಬಿತ್ತು, ಸರ್ಯಾಗಿ ಹೇಳಪ್ಪ” ಎಂದು ಗಾಳಿಯ ದಿಕ್ಕು ವಿಚಾರಿಸಿದರು. ಆಯಮ್ಮ ಮಾತ್ರ ಬಟ್ಟೆ ಒಣಗಬೇಕೆಂಬ ತಮ್ಮ ಷರತ್ತನ್ನು ಬಿಡಲಿಲ್ಲ. ಆ ಟ್ರಿಪ್ಪಿನಲ್ಲಿ ಒಗೆದು ಹಾಕಿದ ಸೀರೆ ಒಣಗದೆ, ಮುಗ್ಗಲು ವಾಸನೆ ಹೊಡೆಯುತ್ತಾ ಚೀಲದಲ್ಲಿ ಬಂದಿತ್ತು.

“ಬೆಳಕು ಏನಾದ್ರೂ ಮಾಡ್ಕಳ್ರಿ. ಬಟ್ಟೆ ಒಣಗದ ಊರಾಗೆ ನಾನಿರಲ್ಲ.”

ಮಿಲ್ಲನ್ನು ತಮ್ಮನ ಮಕ್ಕಳಿಗೆ ವಹಿಸಿ ಸಾಹುಕಾರ್ರು ಹೊರಟಾಗ ಟೆಂಪೋದಲ್ಲಿ ಮನೆಯನ್ನು ಸುತ್ತಿ ಹಾಕಿಕೊಂಡಿದ್ದರು. ಗಳ, ಹಗ್ಗ, ರಾಟೆ, ಕಂಬಳಿ, ಸೀರೆ. ಕುಂದಾಪುರದ ಕಡೆಯ ಎಂಜಿನಿಯರು ಪ್ಲಾನ್ ಎಲ್ಲಿ ಎಂದು ಕೇಳಿದನಂತೆ. “ತಂದೀನಿ, ಇಳಿಸಿ” ಎಂದರಂತೆ. ಅಲ್ಲಿ ಗಳ ನೆಟ್ಟು, ಕುರ್ಚಿ ಹಾಕಿ, ಆಯಮ್ಮನನ್ನು ಕೂರಿಸಿ, ಮಾರ್ಚಿನ ಬಿಸಿಲಿಗೆ ಮತ್ತೆ ಮೊದಲಿಂದ ಪರೀಕ್ಷೆ. ಎಂಜಿನಿಯರು ಮರಳ ದಿಣ್ಣೆ ಮಟ್ಟ ಮಾಡಿ ಇಂಟರ್‌ಲಾಕ್ ಕಲ್ಲು ಹಾಸೋಣ ಎಂದ. ಸಾಹುಕಾರ್ರು ಕೆಂಡವಾದರು. ದಿಣ್ಣೆಯ ಮೇಲೆ ನೇರಳೆ ಹೂವಿನ ಹಸಿರು ಬಳ್ಳಿ ಹಬ್ಬಿತ್ತು. “ಕಂಬಳಿ ಹಾಸಿಟ್ಟೈತಲ್ಲಪ್ಪ ಭೂಮ್ತಾಯಿ! ಅದನ್ನ ಕೀಳ್ತೀಯಾ?” ಪಶ್ಚಿಮಕ್ಕಿದ್ದ ಗೇರು ಮರವನ್ನು ಕಡಿಯಲಿಲ್ಲ, ಜಗಲಿಯನ್ನೇ ಅದರ ನೆರಳಿಗೆ ಬಾಗಿಸಿದರು. ಹೆಂಚಿನ ಇಳಿಜಾರು ಸೂರು, ಹಣೆಗೆ ತಾಕುವಷ್ಟು ತಗ್ಗು. ಹೋದವರೆಲ್ಲ ತಲೆ ಚಚ್ಚಿಕೊಂಡು, ಬೈದು, ಕೂತಮೇಲೆ ಸುಮ್ಮನಾಗುತ್ತಿದ್ದರು. ಕೂತರೆ ಮಾತ್ರ ಸಮುದ್ರ.

ಮನೆ ಮುಗಿದ ಮಳೆಗಾಲ ನಾನು ಹೋದೆ. ಹಣೆ ಚಚ್ಚಿಕೊಂಡೆ. ಆಯಮ್ಮ ಜಗಲಿಯಲ್ಲಿ ಸೆರಗಿಲ್ಲದ ತಲೆಯಲ್ಲಿ ಕೂತು, “ಚಪ್ಲಿ ಹೊಸದು, ಬಣ್ಣ ಚೆನ್ನಾಗೈತೆ” ಎಂದರು. ಬಣ್ಣ!

ಸಾಹುಕಾರ್ರು ಮನೆ ತೋರಿಸಿದರು. ಗಾಳಿ ಈ ತುದಿಯಿಂದ ಆ ತುದಿಗೆ, ಬೆಳಕು ಆಗಷ್ಟೇ ಕಡೆದ ಬೆಣ್ಣೆಯ ಹಾಗೆ ಮೆತ್ತಗೆ. ಕೊನೆಗೆ ಒಂದು ರೂಮಿನ ಬಾಗಿಲು ತೆರೆದರು. ಒಳಗೆ ಗವ್ವೆನ್ನುವ ಕತ್ತಲು. ದಪ್ಪ ಗೋಡೆ, ಕಿಟಕಿ ಇಲ್ಲ, ನೆಲಕ್ಕೊಂದು ಕಂಬಳಿ.

“ಇದೇನಿದು?”

“ಇದು ನಂದು ರೀ,” ಎಂದರು ಮೆಲ್ಲಗೆ. “ಚಳ್ಳಕೆರೆ ರೂಮು. ಆ ಸಮುದ್ರ ಇಡೀ ದಿನ ವಟವಟ ಅಂತದೆ. ಶೇಂಗಾ ಹುರಿದಿಟ್ರೆ ಸಂಜೆಗೆ ಮೆತ್ತಗಾಗ್ತದೆ. ಮೈಯೆಲ್ಲಾ ಅಂಟಂಟು. ತಡಿಯಕ್ಕಾಗ್ದಾಗ ಇಲ್ಲಿ ಬಂದು ಬಾಗ್ಲು ಹಾಕ್ಕಂಡು ಕೂತ್ಕಂತೀನಿ. ಅವಳಿಗೆ ಹೇಳ್ಬೇಡ್ರಿ.”

ಆಯಮ್ಮನಿಗೆ ಗೊತ್ತಿತ್ತು. ಆ ರೂಮಿಗೆ ಡಬ್ಬಿಯಲ್ಲಿ ಶೇಂಗಾ ಚಟ್ನಿಪುಡಿ ಇಡುತ್ತಿದ್ದವರು ಯಾರು ಮತ್ತೆ?

ಆಮೇಲೆ ನನ್ನನ್ನು ಅಂಪೈರ್ ಮಾಡಿದರು. ಅಡಿಗೆಮನೆಯ ಪಕ್ಕ ಒಂದು ಉದ್ದನೆಯ ಸಂದಿ ಬಿಟ್ಟಿದ್ದರು. ಎರಡು ಕಡೆಯೂ ಮರದ ಪಟ್ಟಿ, ಸಮುದ್ರದ ಗಾಳಿ ಒಂದು ತುದಿಯಿಂದ ನುಗ್ಗಿ ಇನ್ನೊಂದು ತುದಿಗೆ ಹೋಗುತ್ತಿತ್ತು, ಒಲೆಯ ಬಿಸಿಯೂ ಸೇರುತ್ತಿತ್ತು. ಹೆಸರು ಗಾಳಿ ಓಣಿ. ಆಯಮ್ಮನ ಷರತ್ತಿಗಾಗಿಯೇ ಕಟ್ಟಿದ್ದು. ಹಗ್ಗದ ಮೇಲೆ ಸೀರೆ ಇತ್ತು.

“ಒಣಗೈತೆ,” ಎಂದರು ಸಾಹುಕಾರ್ರು.

“ಎಲ್ಲಿ ಒಣಗೈತೆ? ಹಸಿ ಹಂಗೇ ಐತೆ,” ಎಂದರು ಆಯಮ್ಮ.

“ಟೀಚರಮ್ಮ, ನೀವೇ ಹೇಳ್ರಿ. ಕಾನ್ವೆಂಟಲ್ಲಿ ಓದಿದೋರು, ಸುಳ್ಳು ಹೇಳಲ್ಲ.”

ನಾನು ಮುಟ್ಟಿ ನೋಡಿದೆ. ಆನೆಸ್ಟಿ ಈಸ್ ಆನೆಸ್ಟಿ. “ಒಣಗಿದೆ,” ಎಂದೆ. ಆಯಮ್ಮ ನಾನಿದ್ದಷ್ಟು ದಿನ ನನಗೆ ತಣ್ಣನೆ ಕಾಫಿ ಕೊಟ್ಟರು.

ಆಮೇಲಿನದೆಲ್ಲ ಫೋನಿನಲ್ಲಿ. ಬೆಳಿಗ್ಗೆ ರಿಂಗಾದರೆ ಸಾಹುಕಾರ್ರೇ. “ಟೀಚರಮ್ಮ, ಅಲ್ಲಿ ಗಾಳಿ ಐತಾ?” ಇದೆ ಎನ್ನುವೆ. “ದೂಳು?” ಇದೆ, ಕಣ್ಣು ಬಿಡೋಕಾಗ್ತಿಲ್ಲ ಎನ್ನುವೆ. “ಒಳ್ಳೇದಾತು ಬಿಡ್ರಿ,” ಎಂದು ಸಮಾಧಾನದ ಉಸಿರು ಬಿಡುವರು. ಹಿಂದಿನಿಂದ ಆಯಮ್ಮನ ದನಿ: “ಬಟ್ಟೆ ಒಣಗಲ್ಲ ಅಂತ ಹೇಳ್ರಿ ಅವರಿಗೆ!”

ಈ ಮಳೆಗಾಲದಲ್ಲಿ ಒಂದು ದಿನ ಫೋನು ಬರಲಿಲ್ಲ. ಮಾರನೇ ದಿನ ಫಿಟ್ಟರ್ ಸಾಬರು ನಮ್ಮ ಬಾಗಿಲಿಗೆ ಬಂದು ಟೊಪ್ಪಿ ತೆಗೆದು ನಿಂತರು. ಸಾಹುಕಾರ್ರು ಮಧ್ಯಾಹ್ನ ಚಳ್ಳಕೆರೆ ರೂಮಿನಲ್ಲಿ ಮಲಗಿದವರು ಎದ್ದಿರಲಿಲ್ಲ.

ನನಗೆ ಕಾಲು ನೋವು, ಹೋಗಲು ತಡವಾಯಿತು. ಹೋದಾಗ ಆಯಮ್ಮ ಜಗಲಿಯಲ್ಲೇ ಇದ್ದರು, ಅದೇ ಕುರ್ಚಿ. ಹಣೆ ಚಚ್ಚಿಕೊಳ್ಳದೆ ಬಗ್ಗಿ ಬಂದೆ. “ಕಲ್ತ್ಕಂಡ್ಯಲ್ಲ,” ಎಂದರು. ಊರಿಗೆ ಕರೆಯಲು ಮೈದುನನ ಮಕ್ಕಳು ಬಂದಿದ್ದರಂತೆ, ಕಳಿಸಿಬಿಟ್ಟಿದ್ದರು. ಅಲ್ಲಿಗೆ ಹೋಗಿ ಮತ್ತೆ ಚೀಲಗಳ ಕೋಣೆ ಸೇರಲಾ ಎಂದರು. ಎದುರಿಗೆ ಬೂದು ಸಮುದ್ರ, ಅವರ ಕಣ್ಣು ಅಗಲ ತೆರೆದಿತ್ತು, ನೀರಿರಲಿಲ್ಲ.

ಅಡಿಗೆಮನೆಯ ಕಡೆ ಕೈಮಾಡಿ ಹೇಳಿದರು. “ಟೀಚರಮ್ಮ, ಗಾಳಿ ಓಣಿಯಾಗೆ ಅವರ ಪಂಚೆ ಒಂದೈತೆ. ಅವತ್ತು ಬೆಳಿಗ್ಗೆ ಒಗೆದು ಹಾಕಿದ್ದು. ಒಣಗೈತಾ ನೋಡ್ಕಂಡು ಬಾ. ಒಣಗಿದ್ರೆ ಮಡಚಿ ಇಟ್ಬಿಡ್ತೀನಿ.”

ಹೋದೆ. ಉದ್ದನೆಯ ಹಗ್ಗದ ಮೇಲೆ ಅದೊಂದೇ ಪಂಚೆ, ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿತ್ತು. ಹಿಡಿದುಕೊಂಡೆ. ಹಪ್ಪಳದ ಹಾಗೆ ಒಣಗಿತ್ತು, ನಮ್ಮೂರಿನ ಬಿಸಿಲಿಗೆ ಹಾಕಿ ತೆಗೆದ ಹಾಗೆ. ಅದನ್ನು ಹಗ್ಗದ ಮೇಲೆ ಸರಿಯಾಗಿ ಹರವಿ ವಾಪಸ್ ಬಂದೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

“ಇಲ್ಲಮ್ಮ, ಇನ್ನೂ ಹಸಿ ಇದೆ,” ಎಂದೆ.

“ನೋಡಿದ್ಯಾ?” ಎಂದರು. “ನಾ ಮೊದ್ಲೇ ಹೇಳಿದ್ದೆ ಆಯಪ್ಪಗೆ. ಈ ಊರಾಗೆ ಬಟ್ಟೆ ಒಣಗಲ್ಲ ಅಂತ.”

ಒಳಗೆ ಹೋಗಿ, ನನಗೆ ಬಿಸಿಬಿಸಿ ಕಾಫಿ ತಂದುಕೊಟ್ಟರು.